ವೇದಿಕೆ ಹತ್ತಿದ ಕೂಡಲೇ ‘ನೀವು’ ಯಾಕೆ ‘ನೀನು’ ಆಗ್ತದೆ?

ಭಟ್ಕಳದಿಂದ ಹೊನ್ನಾವರ, ಅಲ್ಲಿಂದ ಕುಮಟಾ. ಹೆದ್ದಾರಿ 66ರಲ್ಲಿ ಹೆಚ್ಚೆಂದರೆ 60 ಕಿಲೋಮೀಟರ್. ಈ ದಾರಿಯಲ್ಲಿ ಯಾವ ಪೇಟೆಯಲ್ಲಿ ಬೇಕಾದರೂ ಇಳಿದು ಅರ್ಧ ಗಂಟೆ ನಿಂತು ನೋಡಿ. ಮೀನು ಮಾರ್ಕೆಟ್ಟಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಅಡಿಕೆ ವ್ಯಾಪಾರದಲ್ಲಿ ಜನ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಅಂತ ಕಿವಿಗೊಟ್ಟು ಕೇಳಿ. ‘ಎಂತ ಸಾಹೇಬ್ರೇ, ಆರಾಮಾ?’ ‘ಹೌದು ನಾಯ್ಕರೇ, ನೀವು?’ ‘ಹೆಗಡೇರೇ, ಈ ಸಲ ಫಸಲು ಹೇಗೆ?’ ‘ಗೌಡ್ರೇ, ಸ್ವಲ್ಪ ರೇಟು ಕಡಿಮೆ ಮಾಡಿ.’ ಚೌಕಾಸಿ ಜೋರಾಗಿಯೇ ನಡೆಯುತ್ತದೆ. ಕೆಲವೊಮ್ಮೆ ಜಗಳವೂ ಆಗುತ್ತದೆ. ಆದರೆ ಜಗಳದಲ್ಲೂ ‘ನೀವು’ ಬಿಟ್ಟು ಮಾತು ಕೆಳಗೆ ಇಳಿಯುವುದು ಅಪರೂಪ. ಇಳಿದರೆ ಪಕ್ಕದ ಅಂಗಡಿಯವರೇ ಎದ್ದು ಬಂದು ‘ಮಾತು ನೋಡಿ ಆಡಿ ಮಾರಾಯ್ರೇ’ ಅಂತಾರೆ.

ಅದೇ ಪೇಟೆಯ ಮೈದಾನದಲ್ಲಿ ಒಂದು ವೇದಿಕೆ ಕಟ್ಟಿ, ಎರಡು ಸ್ಪೀಕರ್ ಇಟ್ಟು, ಒಂದು ಮೈಕ್ ಕೊಟ್ಟರೆ ಸಾಕು. ಅಲ್ಲಿಯವರೆಗೆ ಇದ್ದ ‘ನೀವು’ ಮಾಯ. ‘ನೀನು’, ‘ಅವನು’, ‘ಮಗನೇ’ ಶುರು. ಕೆಳಗೆ ಕುಳಿತವರ ಶಿಳ್ಳೆ, ಚಪ್ಪಾಳೆ. ಬೆಳಿಗ್ಗೆ ಅಂಗಡಿಯಲ್ಲಿ ‘ಸಾಹೇಬ್ರೇ’ ಅಂದವರೇ ಸಂಜೆ ಆ ಚಪ್ಪಾಳೆಯಲ್ಲಿ ಸೇರಿರುತ್ತಾರೆ. ಅಂಗಡಿಯ ಕನ್ನಡ ಮತ್ತು ವೇದಿಕೆಯ ಕನ್ನಡ ಯಾವಾಗ ಬೇರೆ ಬೇರೆ ಭಾಷೆಗಳಾದವು? ಈ ವಾರ ನಾವು ಕೇಳಬೇಕೆಂದಿರುವ ಪ್ರಶ್ನೆ ಇಷ್ಟೇ.

ಕುಮಟಾದ ಒಂದು ಭಾಷಣ

ಉದಾಹರಣೆಗೆ ದೂರ ಹೋಗಬೇಕಿಲ್ಲ. 2024ರ ಜನವರಿ 13ರಂದು ಕುಮಟಾದ ಕಾರ್ಯಕ್ರಮವೊಂದರಲ್ಲಿ ಆಗಿನ ಸಂಸದ ಅನಂತಕುಮಾರ ಹೆಗಡೆಯವರು ಆಡಿದ ಮಾತು ರಾಜ್ಯವೆಲ್ಲ ಕೇಳಿದೆ. ರಾಜ್ಯದ ಮುಖ್ಯಮಂತ್ರಿಯನ್ನು ಏಕವಚನದಲ್ಲಿ ಸಂಬೋಧಿಸಿದರು. ಬಾಬರಿ ಮಸೀದಿಗೆ ಆದ ಗತಿಯೇ ಭಟ್ಕಳದ ಚಿನ್ನದ ಪಳ್ಳಿಗೂ ಆಗುತ್ತದೆ ಎಂಬರ್ಥದ ಮಾತಾಡಿದರು. ಕುಮಟಾ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿದರು. ಒಂದು ವಾರ ಟಿವಿಯಲ್ಲಿ ಚರ್ಚೆ, ಖಂಡನೆ, ಪ್ರತಿಖಂಡನೆ. ಆಮೇಲೆ ಎಲ್ಲ ತಣ್ಣಗಾಯಿತು.

ನಾವು ಬ್ಯಾರಿಗಳು ಮನೆಯಲ್ಲಿ ಮಸೀದಿಗೆ ‘ಪಳ್ಳಿ’ ಅಂತಲೇ ಹೇಳುವುದು. ಆದ್ದರಿಂದ ‘ಚಿನ್ನದ ಪಳ್ಳಿ’ ಎಂಬ ಹೆಸರು ಕೇಳಿದಾಗ ಮಂಗಳೂರು, ಉಳ್ಳಾಲ, ಬಂಟ್ವಾಳ, ಕುಂದಾಪುರದ ನಮ್ಮವರಿಗೂ ಅದು ನಮ್ಮ ಮೊಹಲ್ಲಾದ ಪಳ್ಳಿಯ ಹೆಸರಿನಂತೆಯೇ ಕೇಳಿಸಿತು. ಆರು ಬಾರಿ ಲೋಕಸಭೆಗೆ ಆಯ್ಕೆಯಾದ, ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದ ಒಬ್ಬರು ತನ್ನದೇ ಕ್ಷೇತ್ರದ ಮತದಾರರು ದಿನಕ್ಕೆ ಐದು ಹೊತ್ತು ತಲೆ ಬಾಗುವ ಜಾಗದ ಬಗ್ಗೆ ಹೀಗೆ ಮಾತಾಡಿದರು. ಸಂಸದ ಎಂದರೆ ಓಟು ಕೊಟ್ಟವರಿಗೆ ಮಾತ್ರ ಅಲ್ಲ, ಕೊಡದವರಿಗೂ ಸಂಸದ. ಆ ಭಾವನೆಯೇ ಅಲ್ಲಿ ಇರಲಿಲ್ಲ. ನಮಗೆ ಏಕವಚನಕ್ಕಿಂತ ಹೆಚ್ಚು ನೋವಾದದ್ದು ಅದಕ್ಕೆ.

ಎರಡು ತಿಂಗಳೊಳಗೆ ಸಂವಿಧಾನ ಬದಲಾವಣೆಯ ಕುರಿತು ಅವರು ಮತ್ತೊಂದು ಮಾತಾಡಿದರು. ಅದು ಅವರ ವೈಯಕ್ತಿಕ ಅಭಿಪ್ರಾಯ ಅಂತ ಪಕ್ಷವೇ ದೂರ ಸರಿಯಿತು. ಆ ಸಲದ ಟಿಕೆಟ್ ಸಿಕ್ಕಿದ್ದು ವಿಧಾನಸಭೆಯ ಮಾಜಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ. ಬಿರುಸು ಮಾತಿಗೆ ಹೆಸರಾದವರಲ್ಲ ಕಾಗೇರಿ. ಅದೇ ಪಕ್ಷ, ಅದೇ ಕ್ಷೇತ್ರ, ಅದೇ ಮತದಾರರು. ಅವರು ಮೂರು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅವರ ಪಕ್ಷದ ಸಿದ್ಧಾಂತವನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಈ ಲೆಕ್ಕ ಒಂದು ಪಾಠ ಹೇಳುತ್ತದೆ. ‘ಬೈಯದಿದ್ದರೆ ಓಟು ಬರುವುದಿಲ್ಲ’ ಅಂತ ರಾಜಕಾರಣಿಗಳು ಹೇಳುವುದು ನೆಪ. ಜನ ಬೈಗುಳ ಕೇಳಲಿಕ್ಕೆ ಓಟು ಹಾಕುವುದಲ್ಲ. ಬೈಗುಳವನ್ನು ಸಹಿಸಿಕೊಂಡು ಓಟು ಹಾಕುತ್ತಾರೆ, ಅಷ್ಟೇ.

ನಾಲಿಗೆಗೆ ಪಕ್ಷ ಇಲ್ಲ

ಒಂದು ಪಕ್ಷದ ಕಡೆಗೆ ಮಾತ್ರ ಬೆರಳು ತೋರಿಸಿ ಲೇಖನ ಮುಗಿಸುವುದು ಸುಲಭ. ಅದು ನ್ಯಾಯ ಅಲ್ಲ. ಕುಮಟಾದ ಭಾಷಣವಾಗಿ ಹದಿನೈದು ದಿನ ಕಳೆದಿತ್ತು. ಜನವರಿ 28ರಂದು ಚಿತ್ರದುರ್ಗದ ಶೋಷಿತರ ಸಮಾವೇಶದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರನ್ನು ಏಕವಚನದಲ್ಲಿ ಉಲ್ಲೇಖಿಸಿಬಿಟ್ಟರು. ಯಾರನ್ನು ಎರಡು ವಾರದ ಹಿಂದೆ ಏಕವಚನದಲ್ಲಿ ಕರೆದರು ಅಂತ ರಾಜ್ಯವೇ ಬೇಸರಪಟ್ಟಿತ್ತೋ ಅವರ ಬಾಯಿಂದಲೇ ಅದು ಬಂತು. ವ್ಯತ್ಯಾಸ ಒಂದಿದೆ. ಟೀಕೆ ಬಂದ ಕೂಡಲೇ ಅವರು ಬಾಯ್ತಪ್ಪಿ ಬಂದ ಮಾತು ಅಂತ ವಿಷಾದ ವ್ಯಕ್ತಪಡಿಸಿದರು. ವಿಷಾದ ಹೇಳಿದವರು ಸಣ್ಣವರಾಗಲಿಲ್ಲ. ಕುರ್ಚಿಯೂ ಹೋಗಲಿಲ್ಲ.

ಸದನದ ಒಳಗೂ ಹಾಗೆಯೇ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಉಪ ಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಿದ್ದು ಕಾಂಗ್ರೆಸ್ ಸದಸ್ಯರು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಪೀಠದ ಮೇಲೆ ಹತ್ತಿ, ಮಸೂದೆಯ ಪ್ರತಿ ಹರಿದು ಸ್ಪೀಕರ್ ಕಡೆಗೆ ಎಸೆದದ್ದು ಬಿಜೆಪಿ ಸದಸ್ಯರು. ಆ ಪೀಠದಲ್ಲಿ ಕುಳಿತಿದ್ದವರು ನಮ್ಮ ಬ್ಯಾರಿ ಸಮುದಾಯದವರೇ ಆದ ಯು.ಟಿ. ಖಾದರ್. ಅವರು 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಮೇ ತಿಂಗಳಲ್ಲಿ ಆ ಅಮಾನತು ಹಿಂದಕ್ಕೆ ಪಡೆಯಲಾಯಿತು. ಖಾದರ್ ನಮ್ಮವರು ಅಂತ ನಮಗೆ ಸಿಟ್ಟು ಬಂದರೆ, ಧರ್ಮೇಗೌಡರನ್ನು ಎಳೆದಾಗಲೂ ಅಷ್ಟೇ ಸಿಟ್ಟು ಬರಬೇಕಿತ್ತು. ಬಂತಾ? ಅವರವರ ಎದೆ ಮುಟ್ಟಿ ಕೇಳಿಕೊಳ್ಳಲಿ. ಪೀಠಕ್ಕೆ ಜಾತಿಯೂ ಇಲ್ಲ, ಜಮಾಅತೂ ಇಲ್ಲ.

‘ನೀನು’ ತಪ್ಪಲ್ಲ, ತುಳಿಯುವುದು ತಪ್ಪು

ಏಕವಚನವೇ ಅಪರಾಧ ಅಂತ ನಾವು ಹೇಳುತ್ತಿಲ್ಲ. ಉಮ್ಮನನ್ನು ನಾವು ‘ನೀನು’ ಅಂತಲೇ ಕರೆಯುವುದು. ಬಾಲ್ಯದ ಗೆಳೆಯನಿಗೆ ‘ನೀವು’ ಅಂದರೆ ಅವನೇ ಗಾಬರಿಯಾದಾನು. ದುಆಕ್ಕೆ ಕೈ ಎತ್ತಿದಾಗ ಅಲ್ಲಾಹನನ್ನೂ ‘ನೀನು’ ಅಂತಲೇ ಕರೆಯುತ್ತೇವೆ. ಹಿಂದೂ ಬಾಂಧವರು ತಮ್ಮ ದೇವರ ಮುಂದೆ ನಿಂತಾಗಲೂ ಹಾಗೆಯೇ. ಅಂದರೆ ಕನ್ನಡದ ‘ನೀನು’ ಅತ್ಯಂತ ಹತ್ತಿರದವರಿಗೆ ಇಟ್ಟ ಮಾತು. ಅದನ್ನೇ ಮೈಕಿನಲ್ಲಿ, ಸಾವಿರ ಜನರ ಎದುರು, ಇಲ್ಲದ ಮನುಷ್ಯನ ಮೇಲೆ ಎಸೆದಾಗ ಅರ್ಥ ಪೂರ್ತಿ ತಿರುಗುತ್ತದೆ. ‘ನೀನು ನನ್ನವನು’ ಎನ್ನುವ ಮಾತು ‘ನೀನು ನನ್ನ ಕಾಲ ಕೆಳಗಿನವನು’ ಎನ್ನುವ ಮಾತಾಗುತ್ತದೆ. ಕರಾವಳಿಯವರಿಗೆ ಈ ವ್ಯತ್ಯಾಸ ಯಾರೂ ಕಲಿಸಬೇಕಿಲ್ಲ. ನಮ್ಮಲ್ಲಿ ಹೆಸರಿನ ಜೊತೆ ‘ಕಾಕ’ ಸೇರಿಸದೆ ಹಿರಿಯರನ್ನು ಕರೆದ ಹುಡುಗನಿಗೆ ಮನೆಯಲ್ಲಿ ಏನು ಕಾದಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಹಿಂದೆ ಜಮೀನ್ದಾರ ಒಕ್ಕಲಿನವನನ್ನು, ಮೇಲ್ಜಾತಿಯವನು ಕೆಳಜಾತಿಯವನನ್ನು ‘ನೀನು’ ಅನ್ನುತ್ತಿದ್ದ. ಪ್ರಾಯ ಎಪ್ಪತ್ತಾದರೂ ಒಕ್ಕಲಿನವ ‘ಏಯ್’ ಆಗಿಯೇ ಉಳಿಯುತ್ತಿದ್ದ. ಅದರ ವಿರುದ್ಧ ಹೋರಾಡಿ ಈ ಜಿಲ್ಲೆಯ ಜನ ‘ನೀವು’ ಗಳಿಸಿಕೊಂಡದ್ದು. ಭೂಸುಧಾರಣೆಯ ಜೊತೆ ಬರೀ ಜಮೀನು ಬಂದದ್ದಲ್ಲ, ‘ಗೌಡ್ರೇ’, ‘ನಾಯ್ಕರೇ’ ಎನ್ನುವ ಮರ್ಯಾದೆಯೂ ಬಂತು. ಅಷ್ಟು ಕಷ್ಟದಲ್ಲಿ ಸಿಕ್ಕಿದ್ದನ್ನು ವೇದಿಕೆಯ ಮೇಲಿನ ಶೂರರು ಮತ್ತೆ ಕಿತ್ತುಕೊಳ್ಳುತ್ತಿದ್ದಾರೆ.

ಮಾತು ಬೆಂಕಿಯಾದ ಡಿಸೆಂಬರ್

‘ಬರೀ ಮಾತು ತಾನೇ, ಮಾತಿನಿಂದ ಯಾರ ಮನೆ ಸುಡ್ತದೆ?’ ಅಂತ ಕೇಳುವವರಿದ್ದಾರೆ. ಅವರಿಗೆ ಹೊನ್ನಾವರದ 2017ರ ಡಿಸೆಂಬರ್ ನೆನಪಿಸಬೇಕು. ಪೇಟೆಯಲ್ಲಿ ಸಣ್ಣ ಗಲಾಟೆ ಆದ ಬಳಿಕ ಕಾಣೆಯಾಗಿದ್ದ ಯುವಕನೊಬ್ಬನ ಶವ ಡಿಸೆಂಬರ್ 8ರಂದು ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಒಂದು ಮನೆ ಮಗನನ್ನು ಕಳೆದುಕೊಂಡಿತ್ತು. ಮೊದಲು ಬೇಕಾಗಿದ್ದದ್ದು ಆ ತಂದೆತಾಯಿಗೆ ಸಾಂತ್ವನ, ನಂತರ ತನಿಖೆ. ಆದರೆ ತನಿಖೆ ಶುರುವಾಗುವ ಮೊದಲೇ ತೀರ್ಪು ಬಂತು. ಚಿತ್ರಹಿಂಸೆಯ ಕತೆಗಳು ಮೊಬೈಲಿನಿಂದ ಮೊಬೈಲಿಗೆ ಓಡಿದವು. ಜವಾಬ್ದಾರಿಯ ಸ್ಥಾನದಲ್ಲಿದ್ದ ನಾಯಕರೇ ಅದನ್ನು ಹೇಳಿದರು. ಶವಪರೀಕ್ಷೆ ಮಾಡಿದ ವೈದ್ಯರು ಅಂಥ ಗುರುತುಗಳಿಲ್ಲ ಅಂತ ಹೇಳಿದರೂ ಕೇಳುವ ಕಿವಿ ಇರಲಿಲ್ಲ. ಡಿಸೆಂಬರ್ 11ರಂದು ಕುಮಟಾದಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಮಾರನೆ ದಿನ ಶಿರಸಿ. ಅಂಗಡಿಗಳಿಗೆ ಕಲ್ಲು, ಶಾಲೆಗಳಿಗೆ ರಜೆ, ಮನೆಯೊಳಗೆ ಬಾಗಿಲು ಹಾಕಿ ಕುಳಿತ ಹೆಂಗಸರು, ಮಕ್ಕಳು.

ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ಅಂತಿಮ ವರದಿ ಕೊಟ್ಟಿತು. ಅದು ಕೊಲೆ ಅಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದ ಸಾವು ಎಂಬುದು ಅದರ ಸಾರ. ಅಷ್ಟರಲ್ಲಿ ಸುಮಾರು ಐದು ವರ್ಷ ಕಳೆದಿತ್ತು. 2018ರ ಚುನಾವಣೆಯೂ ಆಗಿ ಹೋಗಿತ್ತು. ಆರೋಪ ಹೊತ್ತ ಯುವಕರು ‘ಕೊಲೆಗಾರ’ ಎಂಬ ಹಣೆಪಟ್ಟಿಯಲ್ಲಿ ಹರೆಯದ ವರ್ಷಗಳನ್ನು ಕಳೆದರು. ಗಲಭೆಯಲ್ಲಿ ಕಲ್ಲೆತ್ತಿದ ಕೇಸು ಹೊತ್ತು ಕೋರ್ಟಿಗೆ ಅಲೆದ ಬಡ ಹುಡುಗರಿಗೂ ಅದೇ ಗತಿ. ಅಂದು ಮೈಕ್ ಹಿಡಿದು ತೀರ್ಪು ಕೊಟ್ಟವರು ಅವರ ಜೊತೆ ಒಂದು ದಿನವಾದರೂ ಕೋರ್ಟಿನ ಮೆಟ್ಟಿಲು ಹತ್ತಿದರಾ? ‘ನಾವು ಹೇಳಿದ್ದು ತಪ್ಪಾಯ್ತು’ ಅಂತ ಹೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ.

ಇದಕ್ಕಿಂತ ಹಿಂದಿನ ಗಾಯ ಭಟ್ಕಳದ್ದು. 1993ರ ಗಲಭೆ ತಿಂಗಳುಗಟ್ಟಲೆ ಊರನ್ನು ಸುಟ್ಟಿತು. ಹದಿನೈದಕ್ಕೂ ಹೆಚ್ಚು ಜೀವಗಳು ಹೋದವು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಅದರ ವಿಚಾರಣೆ ನಡೆಸಿತು. 1996ರ ಏಪ್ರಿಲ್ 10ರಂದು ವೈದ್ಯರೂ ಶಾಸಕರೂ ಆಗಿದ್ದ ಡಾ. ಯು. ಚಿತ್ತರಂಜನ್ ಅವರನ್ನು ಗುಂಡಿಟ್ಟು ಕೊಂದರು. ಗಲಭೆಯಲ್ಲಿ ಸತ್ತವರನ್ನು ನೆನೆಯುವವರು ಚಿತ್ತರಂಜನ್ ಹೆಸರನ್ನು ಬಿಡಬಾರದು, ಚಿತ್ತರಂಜನ್ ಅವರನ್ನು ನೆನೆಯುವವರು ಗಲಭೆಯಲ್ಲಿ ಸತ್ತವರನ್ನು ಬಿಡಬಾರದು. ಎದುರಾಳಿಯ ಮನೆಯ ಸಾವಿಗೂ ‘ಪಾಪ’ ಅನ್ನುವ ಮನಸ್ಸು ಇಲ್ಲದಿದ್ದರೆ ಸೌಜನ್ಯದ ಮಾತೆಲ್ಲ ಬರೀ ಬಾಯಿಮಾತು.

ಆ ವರ್ಷಗಳ ನಂತರ ‘ಭಟ್ಕಳ’ ಎಂಬ ಊರಿನ ಹೆಸರೇ ಟಿವಿಯವರಿಗೆ ಬೈಗುಳವಾಯಿತು. ಓದಲಿಕ್ಕೆ, ಕೆಲಸಕ್ಕೆ ಹೊರ ಊರಿಗೆ ಹೋದ ಅಲ್ಲಿನ ಮಕ್ಕಳು ಬಾಡಿಗೆ ಮನೆ ಕೇಳುವಾಗ ಊರಿನ ಹೆಸರು ಹೇಳಲು ಹಿಂದೆಮುಂದೆ ನೋಡುವ ಸ್ಥಿತಿ ಬಂತು. ಅದರಲ್ಲಿ ನವಾಯತರ ಮಕ್ಕಳು ಮಾತ್ರ ಅಲ್ಲ, ನಾಮಧಾರಿ, ಕೊಂಕಣಿ ಮನೆಗಳ ಮಕ್ಕಳೂ ಇದ್ದಾರೆ.

ಈ ನೆಲಕ್ಕೆ ಮರ್ಯಾದೆ ಹೊಸತಲ್ಲ

ಈ ಜಿಲ್ಲೆಯ ರಾಜಕಾರಣ ಯಾವಾಗಲೂ ಹೀಗೇ ಇತ್ತು ಅಂತ ಹೊಸ ತಲೆಮಾರಿನವರು ಅಂದುಕೊಂಡಿದ್ದರೆ ಅದು ಸರಿಯಲ್ಲ. 1952ರಿಂದ ಸತತ ಮೂರು ಬಾರಿ ಈ ಕ್ಷೇತ್ರದ ಜನ ಲೋಕಸಭೆಗೆ ಕಳಿಸಿದ್ದು ಕೆಥೊಲಿಕ್ ಕ್ರೈಸ್ತರಾದ ಜೋಕಿಂ ಆಳ್ವರನ್ನು. ಕ್ರೈಸ್ತರ ಓಟು ಎಷ್ಟಿತ್ತು ಅಂತ ಆಗ ಯಾರೂ ಲೆಕ್ಕ ಹಾಕಲಿಲ್ಲ. ಭಟ್ಕಳದ ಹೆದ್ದಾರಿಯಲ್ಲಿ ಬಸ್ ನಿಲ್ಲುವ ಶಂಸುದ್ದೀನ್ ಸರ್ಕಲ್ ಇದೆಯಲ್ಲ, ಆ ಹೆಸರು ಜುಕಾಕು ಶಂಸುದ್ದೀನ್ ಅವರದ್ದು. ಹಳೆ ಮೈಸೂರು ರಾಜ್ಯದ ಕಾಲದಲ್ಲಿ ಶಾಸಕರಾಗಿ, ಉಪಮಂತ್ರಿಯಾಗಿದ್ದವರು. ಮುಂದೆ ಎಸ್.ಎಂ. ಯಾಹ್ಯಾ ಅದೇ ಭಟ್ಕಳದಿಂದ ಗೆದ್ದು ರಾಜ್ಯದ ಸಚಿವರಾದರು. ಮುಸ್ಲಿಂ ಮತ ಮಾತ್ರ ನಂಬಿದ್ದರೆ ಇವರಾರೂ ಗೆಲ್ಲುತ್ತಿರಲಿಲ್ಲ.

1967ರಲ್ಲಿ ಪಕ್ಷೇತರರಾಗಿ ಗೆದ್ದ ದಿನಕರ ದೇಸಾಯಿಯವರನ್ನು ನೋಡಿ. ರೈತರ ಪರ ಹೋರಾಡಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಶಾಲೆ ತೆರೆದವರು. ನಾಲ್ಕು ಸಾಲಿನ ಚುಟುಕದಲ್ಲಿ ಅಧಿಕಾರಸ್ಥರನ್ನು ಚುಚ್ಚುತ್ತಿದ್ದರು. ಚುಚ್ಚಿಸಿಕೊಂಡವರೂ ನಗುತ್ತಿದ್ದರು. ಟೀಕೆ ಅವರಲ್ಲಿ ಹರಿತವಾಗಿಯೇ ಇತ್ತು. ಹೊಲಸು ಮಾತ್ರ ಇರಲಿಲ್ಲ. ಹಾಸ್ಯ ಬಾರದವರು ಮಾತ್ರ ಬೈಗುಳಕ್ಕೆ ಕೈ ಹಾಕುವುದು.

1989ರಲ್ಲಿ ಕೈಗಾ ಅಣುಸ್ಥಾವರ ಬೇಡ ಅಂತ ಶಿವರಾಮ ಕಾರಂತರು ಇದೇ ಕ್ಷೇತ್ರದಲ್ಲಿ ಲೋಕಸಭೆಗೆ ನಿಂತರು. ಸೋತರು. ಆದರೆ ಆ ವಯಸ್ಸಿನಲ್ಲಿ ಒಂದು ವಿಷಯ ಹಿಡಿದು ಓಟು ಕೇಳಿದ್ದು ಸೋಲಿಗಿಂತ ದೊಡ್ಡದು. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1984ರ ಲೋಕಸಭಾ ಚುನಾವಣೆಯಲ್ಲಿ ತಮ್ಮ ಪಕ್ಷ ಸೋತಾಗ, ಯಾರೂ ಕೇಳದಿದ್ದರೂ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಜನರ ಬಳಿ ಹೋದರು. 1985ರಲ್ಲಿ ಜನ ಅವರನ್ನು ಬಹುಮತದಿಂದ ಕಳಿಸಿದರು. ಅವರ ಸಂಪುಟದಲ್ಲಿದ್ದ ಅಬ್ದುಲ್ ನಝೀರ್ ಸಾಬ್ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅಂತ ಹೆಸರಾದರು. ಒಬ್ಬ ಮುಸ್ಲಿಂ ಮಂತ್ರಿಗೆ ಜನ ಪ್ರೀತಿಯಿಂದ ಕೊಟ್ಟ ಅಡ್ಡಹೆಸರು ಅದು. ಈಗ ನಮ್ಮ ನಾಯಕರಿಗೆ ಕೊಡುವ ಅಡ್ಡಹೆಸರುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಹಾಗಂತ ಆ ಕಾಲವನ್ನು ಪೂರ್ತಿ ಚಿನ್ನ ಅನ್ನಲಿಕ್ಕಾಗುವುದಿಲ್ಲ. ಅದೇ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಹಗರಣದಲ್ಲಿ ರಾಜೀನಾಮೆ ಕೊಡಬೇಕಾಯಿತು. ಸಭ್ಯವಾಗಿ ಮಾತಾಡುವವರೆಲ್ಲ ಸರಿಯಾಗಿ ನಡೆಯುತ್ತಾರೆ ಅಂತ ಇಲ್ಲ. ಆದರೆ ಮಾತು ಸಭ್ಯವಾಗಿದ್ದಾಗ ತಪ್ಪನ್ನು ಕೇಳಲಿಕ್ಕೆ, ಉತ್ತರ ಕೊಡಲಿಕ್ಕೆ, ರಾಜೀನಾಮೆ ಕೊಡಲಿಕ್ಕೆ ಜಾಗ ಇರುತ್ತದೆ. ಬೈಗುಳದ ಗದ್ದಲದಲ್ಲಿ ಹಗರಣವೂ ಕಾಣುವುದಿಲ್ಲ.

ಗುಡ್ಡ ಕುಸಿದ ದಿನ ಕಂಡದ್ದು

ಸೌಜನ್ಯ ಸತ್ತೇ ಹೋಗಿದೆ ಅನ್ನುವವರಿಗೆ ಕುಮಟಾದ ಪಕ್ಕದ ತಾಲೂಕಿನ ಒಂದು ಸಂಗತಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕರೊಬ್ಬರೂ ಸೇರಿ ಹಲವರು ಮಣ್ಣಿನಡಿ, ಗಂಗಾವಳಿ ನದಿಯಡಿ ಹೋದರು. ಕಾರವಾರದ ಶಾಸಕ ಸತೀಶ್ ಸೈಲ್ ಸ್ಥಳದಲ್ಲೇ ಠಿಕಾಣಿ ಹೂಡಿದರು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಗಡಿ ದಾಟಿ ಬಂದು ದಿನಗಟ್ಟಲೆ ಅಲ್ಲೇ ನಿಂತರು. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಮುಸ್ಲಿಂ ಲೀಗ್. ರಾಜ್ಯ ಬೇರೆ, ಭಾಷೆ ಬೇರೆ. ಅಶ್ರಫ್ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ವಚನ ಸ್ವೀಕರಿಸಿದವರು. ಶಿರೂರಿನಲ್ಲಿ ಆ ಕನ್ನಡ ಎರಡು ರಾಜ್ಯಗಳ ನಡುವಿನ ಸೇತುವೆಯಾಯಿತು. ಎರಡೂ ಕಡೆಯ ಚಾನೆಲ್‌ಗಳು ‘ನಿಮ್ಮ ಸರ್ಕಾರ, ನಮ್ಮ ಸರ್ಕಾರ’ ಅಂತ ಜಗಳ ಹಚ್ಚಲು ನೋಡುತ್ತಿದ್ದ ಹೊತ್ತಲ್ಲಿ ಇವರಿಬ್ಬರು ಅದಕ್ಕೆ ತುಪ್ಪ ಸುರಿಯಲಿಲ್ಲ. ಸೆಪ್ಟೆಂಬರ್ 25ರಂದು ಗೋವಾದಿಂದ ತಂದ ಡ್ರೆಜ್ಜರ್ ಸಹಾಯದಿಂದ ಲಾರಿ ಸಿಕ್ಕಿತು, ಆ ಮನೆಯವರಿಗೆ ಮಯ್ಯತ್ತಾದರೂ ಸಿಕ್ಕಿತು.

ಸೈಲ್ ಅವರಿಗೆ ಮರುತಿಂಗಳೇ ಬೇಲೇಕೇರಿ ಅದಿರು ಪ್ರಕರಣದಲ್ಲಿ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಆ ಶಿಕ್ಷೆಯನ್ನು ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಅದು ಕಾನೂನಿನ ದಾರಿ, ಅದರ ಪಾಡಿಗೆ ಅದು ನಡೆಯಲಿ. ಮನುಷ್ಯನೊಬ್ಬ ಮಾಡಿದ ಒಳ್ಳೆಯದನ್ನು ಒಳ್ಳೆಯದು ಅಂತಲೂ ಮಾಡಿದ ತಪ್ಪನ್ನು ತಪ್ಪು ಅಂತಲೂ ಒಂದೇ ಬಾಯಲ್ಲಿ ಹೇಳಲು ಬರಬೇಕು. ಅದೂ ಸಭ್ಯತೆಯ ಒಂದು ಭಾಗ.

ಸಭ್ಯತೆ ಅಂದರೆ ಬಾಯಿ ಮುಚ್ಚುವುದಲ್ಲ

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಸರಿಯಾದ ಆಕ್ಷೇಪವೇ. ‘ಪೆಟ್ಟು ತಿಂದವನಿಗೆ ಮೆಲ್ಲಗೆ ಅಳು ಅಂತ ಹೇಳ್ತೀರಾ?’ ಇಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರ ಹೆಂಗಸರು ಸಮುದ್ರಕ್ಕೆ ಇಳಿದು ಕೂಗಿದರೆ ಅದು ಅಸಭ್ಯತೆ ಅಲ್ಲ. ಮನೆ, ದೋಣಿ, ಮೀನು ಒಣಗಿಸುವ ಜಾಗ ಹೋಗುತ್ತದೆ ಎಂಬ ಭಯದ ಕೂಗು ಅದು. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೀನುಗಾರರು ಒಟ್ಟಿಗೇ ಇದ್ದಾರೆ. ಆ ಸಿಟ್ಟಿಗೆ ನಮ್ಮ ಪೂರ್ಣ ಬೆಂಬಲ. ಸಿಟ್ಟು ಬೇರೆ, ತುಚ್ಛೀಕಾರ ಬೇರೆ. ಸಿಟ್ಟು ಉತ್ತರ ಕೇಳುತ್ತದೆ. ತುಚ್ಛೀಕಾರಕ್ಕೆ ಉತ್ತರವೇ ಬೇಡ, ಎದುರಿನವರು ಇಲ್ಲದಂತಾದರೆ ಸಾಕು.

ಇನ್ನೊಂದು ವಿಷಯ. ಬೈಗುಳದ ಹೊಗೆಯಲ್ಲಿ ನಿಜವಾದ ಪ್ರಶ್ನೆಗಳು ಕಾಣೆಯಾಗುತ್ತವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಜಿಲ್ಲೆಯ ಕಡೆ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಆಗ ಇಡೀ ಜಿಲ್ಲೆ ‘ನಮಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ’ ಅಂತ ಒಂದೇ ದನಿಯಲ್ಲಿ ಕೇಳಿತು. ಮಂಗಳೂರಿನ, ಮಣಿಪಾಲದ ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಭಟ್ಕಳ, ಹೊನ್ನಾವರ, ಕುಮಟಾದ ರೋಗಿಗಳು ಸಿಗುತ್ತಾರೆ. ಹೃದಯದ ನೋವು ಬಂದವನಿಗೆ ನೂರಾರು ಕಿಲೋಮೀಟರ್ ದಾರಿ ಎಂದರೆ ಏನೆಂದು ಅವರ ಮನೆಯವರನ್ನು ಕೇಳಿ. ಚುನಾವಣೆ ಬಂದಾಗ ಆ ಆಸ್ಪತ್ರೆಯ ಮಾತು ಎಷ್ಟು ವೇದಿಕೆಗಳಲ್ಲಿ ಬಂತು, ಪಳ್ಳಿ ಮತ್ತು ಮಂದಿರದ ಮಾತು ಎಷ್ಟು ವೇದಿಕೆಗಳಲ್ಲಿ ಬಂತು? ನಾಯಕ ಬೈಯಲಿಕ್ಕೆ ಶುರು ಮಾಡಿದರೆ ಅವನ ಹತ್ತಿರ ಲೆಕ್ಕ ಕೊಡಲಿಕ್ಕೆ ಏನೂ ಇಲ್ಲ ಅಂತಲೇ ತಿಳಿಯಬೇಕು.

ನಮ್ಮ ಅಂಗಳವನ್ನೂ ಗುಡಿಸಬೇಕು

ಈ ಪುಟ ಓದುವವರು ಹೆಚ್ಚಿನವರು ನಮ್ಮವರು. ಆದ್ದರಿಂದ ನಮ್ಮೊಳಗಿನ ಮಾತನ್ನೂ ಆಡಿಬಿಡೋಣ. ಜಮಾಅತ್ ಕಮಿಟಿಯ ಚುನಾವಣೆ ಬಂದಾಗ ಓಡಾಡುವ ವಾಯ್ಸ್ ಮೆಸೇಜುಗಳನ್ನು ಕೇಳಿದ್ದೀರಾ? ಬೇರೆ ಪಕ್ಷಕ್ಕೆ ಓಟು ಹಾಕಿದವನನ್ನು ‘ಮುನಾಫಿಕ್’ ಅನ್ನುವುದು, ಬೇರೆ ಸಂಘಟನೆಯ ಉಸ್ತಾದರಿಗೆ ಅಡ್ಡಹೆಸರಿಡುವುದು, ಹೆಣ್ಣುಮಕ್ಕಳು ಚುನಾವಣೆಗೆ ನಿಂತರೆ ಅವರ ಮನೆಯ ವಿಷಯ ಎಳೆಯುವುದು. ಇದನ್ನೆಲ್ಲ ಯಾರೋ ಹೊರಗಿನವರು ಬಂದು ಮಾಡುತ್ತಿಲ್ಲ.

ಸೂರಾ ಹುಜುರಾತ್‌ನಲ್ಲಿ ಒಬ್ಬರನ್ನೊಬ್ಬರು ಗೇಲಿ ಮಾಡಬೇಡಿ, ಕೆಟ್ಟ ಅಡ್ಡಹೆಸರಿನಿಂದ ಕರೆಯಬೇಡಿ ಎಂಬ ಸ್ಪಷ್ಟ ತಾಕೀತು ಇದೆ. ಫಿರ್‌ಔನನಂಥ ದಬ್ಬಾಳಿಕೆಗಾರನ ಬಳಿಗೆ ಮೂಸಾ ಮತ್ತು ಹಾರೂನ್ ಅಲೈಹಿಮುಸ್ಸಲಾಂ ಅವರನ್ನು ಕಳಿಸುವಾಗಲೂ ಮೃದುವಾಗಿ ಮಾತಾಡಿ ಎಂಬ ಆದೇಶ ಇತ್ತು. ನಮ್ಮ ಎದುರಾಳಿ ಯಾರೇ ಇರಲಿ, ಫಿರ್‌ಔನನಿಗಿಂತ ಕೆಟ್ಟವನಂತೂ ಅಲ್ಲ. ನಾವೂ ಮೂಸಾ ನಬಿಗಿಂತ ದೊಡ್ಡವರಲ್ಲ. ಇತರರು ಪೂಜಿಸುವುದನ್ನು ನಿಂದಿಸಬೇಡಿ ಎಂಬುದೂ ಕುರ್‌ಆನಿನ ಮಾತೇ. ಇದನ್ನು ಜುಮುಆ ಖುತ್ಬಾದಲ್ಲಿ ಕೇಳಿ ತಲೆಯಾಡಿಸಿ, ಹೊರಗೆ ಬಂದು ಮೊಬೈಲಿನಲ್ಲಿ ಅದಕ್ಕೆ ವಿರುದ್ಧವಾದದ್ದನ್ನು ಫಾರ್ವರ್ಡ್ ಮಾಡಿದರೆ ಏನು ಪ್ರಯೋಜನ?

ಈಗ ಮಾಡಬಹುದಾದದ್ದು

ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಈ ಮೂರು ಊರುಗಳಲ್ಲಿ ಕೆಲವು ಸಣ್ಣ ಕೆಲಸ ಶುರು ಮಾಡಬಹುದು.

ಮೊದಲನೆಯದು, ಶಾಂತಿ ಸಭೆ. ಹಬ್ಬಗಳ ಮೊದಲು ಪೊಲೀಸ್ ಠಾಣೆಯಲ್ಲಿ ಚಹಾ ಕುಡಿದು ಮುಗಿಸುವ ಸಭೆಯನ್ನು ಚುನಾವಣೆಯ ಮೊದಲೂ ಕರೆಯಲಿ. ಎಲ್ಲ ಪಕ್ಷದವರನ್ನೂ ಕೂರಿಸಿ, ನೀತಿ ಸಂಹಿತೆಯಲ್ಲಿ ಈಗಾಗಲೇ ಇರುವುದನ್ನೇ ಓದಿ ಹೇಳಲಿ. ಟೀಕೆ ಪಕ್ಷದ ನೀತಿ, ಕಾರ್ಯಕ್ರಮ, ಕೆಲಸದ ಮೇಲಿರಬೇಕು, ಖಾಸಗಿ ಬದುಕಿನ ಮೇಲಲ್ಲ, ಸಾಬೀತಾಗದ ಆರೋಪದ ಮೇಲಲ್ಲ ಅಂತ ಅದರಲ್ಲೇ ಇದೆ. ಧರ್ಮದ ಹೆಸರಲ್ಲಿ ದ್ವೇಷ ಬಿತ್ತಿ ಓಟು ಕೇಳುವುದು ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಅಪರಾಧ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಎಲ್ಲರಿಗೂ ಒಂದೇ ತೂಕದಲ್ಲಿ ಹಾಕಿದರೆ ಸಾಕು.

ಎರಡನೆಯದು, ಚಪ್ಪಾಳೆ. ಭಟ್ಕಳದಲ್ಲಿ 1912ರಿಂದ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಇದೆ, ಜನ ಅದರ ಮಾತು ಕೇಳುತ್ತಾರೆ. ನಾಮಧಾರಿ ಸಮಾಜಕ್ಕೆ, ಹವ್ಯ­ಕರಿಗೆ, ಮೊಗೇರರಿಗೆ, ಹಾಲಕ್ಕಿಗಳಿಗೆ ಅವರವರ ಹಿರಿಯರಿದ್ದಾರೆ. ‘ನಮ್ಮ ವೇದಿಕೆಯಲ್ಲಿ ಯಾರನ್ನೂ ತುಚ್ಛವಾಗಿ ಮಾತಾಡಲು ಬಿಡುವುದಿಲ್ಲ, ನಮ್ಮ ಪರವಾಗಿ ಬೈದರೂ ಚಪ್ಪಾಳೆ ತಟ್ಟುವುದಿಲ್ಲ’ ಅಂತ ಈ ಹಿರಿಯರು ತಮ್ಮ ತಮ್ಮವರಿಗೆ ಹೇಳಲಿ. ಎದುರಿನವರು ಮೊದಲು ಹೇಳಲಿ ಅಂತ ಕಾಯುವುದು ಬೇಡ. ಚಪ್ಪಾಳೆ ನಿಂತರೆ ಬೈಗುಳ ತಾನಾಗಿ ಒಣಗುತ್ತದೆ.

ಮೂರನೆಯದು, ಕೆಟ್ಟ ಮಾತಿಗೆ ಕೆಟ್ಟ ಮಾತಿನ ಉತ್ತರ ಬೇಡ. ದೂರು ಕೊಡಿ, ಸಾಕ್ಷಿ ಇಡಿ, ಕೋರ್ಟಿನಲ್ಲಿ ಬೆನ್ನು ಹತ್ತಿ. ವಿಡಿಯೋವನ್ನು ಹತ್ತು ಗ್ರೂಪಿಗೆ ಕಳಿಸಿ ‘ನೋಡಿ ಎಂಥಾ ಮಾತಾಡಿದ್ದಾನೆ’ ಅನ್ನುವುದು ಅವರ ಪ್ರಚಾರವನ್ನು ನಾವೇ ಪುಕ್ಕಟೆ ಮಾಡಿಕೊಟ್ಟ ಹಾಗೆ.

ನಾಲ್ಕನೆಯದು, ಹೋಗಿಬರುವುದು. ಭಟ್ಕಳದಲ್ಲಿ ರಾಮನವಮಿಯ ರಥೋತ್ಸವಕ್ಕೆ ಊರಿನ ಮುಸ್ಲಿಂ ಮನೆತನದವರನ್ನು ದೇವಸ್ಥಾನದವರು ಹೋಗಿ ಕರೆಯುವ ಸಂಪ್ರದಾಯ ಇದೆ. ಗಲಭೆ ಕಂಡ ಊರಿನಲ್ಲೂ ಆ ಎಳೆ ಉಳಿದಿದೆ. ಅದನ್ನು ನೋಡಿ ಇಫ್ತಾರಿಗೆ, ಈದ್ ಮಿಲನಕ್ಕೆ, ಮದುವೆಗೆ ಎದುರು ಪಕ್ಷದವರನ್ನೂ ಮನೆಗೆ ಕರೆಯಿರಿ. ಫೋಟೋ ಹಾಕಲಿಕ್ಕಲ್ಲ, ಊಟಕ್ಕೆ. ಪತ್ತಿರ್ ತಿಂದು ಹೋದವನಿಗೆ ಮಾರನೆ ದಿನ ಮೈಕಿನಲ್ಲಿ ‘ಅವನು’ ಅನ್ನಲು ಸ್ವಲ್ಪವಾದರೂ ನಾಚಿಕೆಯಾಗುತ್ತದೆ.

2023ರಲ್ಲಿ ಕುಮಟಾ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು 676 ಮತ. ಅಂದರೆ ಒಂದು ವಾರ್ಡಿನ ಜನ. ಅಷ್ಟು ಸಣ್ಣ ಅಂತರದಲ್ಲಿ ಸೋಲು ಗೆಲುವು ನಿರ್ಧಾರವಾಗುವ ಊರಿನಲ್ಲಿ ಒಬ್ಬೊಬ್ಬ ಮತದಾರನ ಮಾತಿಗೂ ತೂಕ ಇದೆ. ಮುಂದಿನ ಸಲ ಓಟು ಕೇಳಲು ಬಂದವರಿಗೆ ಒಂದು ಮಾತು ಹೇಳಿ: ‘ಅಂಗಡಿಯಲ್ಲಿ ಆಡುವ ಹಾಗೆ ವೇದಿಕೆಯಲ್ಲೂ ಮಾತಾಡಿ, ಆಮೇಲೆ ಓಟಿನ ವಿಷಯ ನೋಡೋಣ.’ ಈ ಕರಾವಳಿಯ ಮೀನು ಮಾರುವ ಹೆಂಗಸಿಗೆ, ಅಡಿಕೆ ಕೊಯ್ಯುವವನಿಗೆ, ರಿಕ್ಷಾ ಓಡಿಸುವವನಿಗೆ ಬರುವ ಮರ್ಯಾದೆ ನಮ್ಮನ್ನು ಆಳುವವರಿಗೆ ಬಾರದೆ ಹೋಗುವುದಿಲ್ಲ. ಅದನ್ನು ಕೇಳಿ ಪಡೆಯುವ ಹಕ್ಕು ನಮಗಿದೆ.